ಮಿದುಳಿನ ಸ್ಕ್ಯಾನ್ ಮತ್ತು ಮುಪ್ಪು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಮಿದುಳಿನ ಸ್ಕ್ಯಾನ್‌ಗಳನ್ನು ನೋಡಿ ವರದಿ ಬರೆಯುವುದು ನನ್ನ ನಿತ್ಯದ ಕೆಲಸ. ಆಳಂದ, ಸೇಡಂ, ಶಹಾಪುರ, ಹುಮನಾಬಾದ್ ಕಡೆಯಿಂದ ಹಿರಿಯರನ್ನು ಕರೆತರುವ ಮನೆಯವರು ವರದಿ ಕೈಗೆ ಬಂದ ಕೂಡಲೇ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಹೊರಗೆ ಇನ್ನೂ ಹತ್ತು ಜನ ಕಾಯುತ್ತಿರುವಾಗ ನಿಂತ ನಿಲುವಿನಲ್ಲಿ ಕೊಡುವ ಉತ್ತರ ಯಾರಿಗೂ ಸಾಲುವುದಿಲ್ಲ. ಆದ್ದರಿಂದ ಅವನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

“ವಯಸ್ಸಿಗೆ ತಕ್ಕ ಮಿದುಳಿನ ಕುಗ್ಗುವಿಕೆ” ಎಂದು ವರದಿಯಲ್ಲಿ ಬರೆದಿದೆ. ಇದು ಕಾಯಿಲೆಯೇ?

ಅಲ್ಲ. ಈ ವಾಕ್ಯವನ್ನು ದಿನಕ್ಕೆ ಹಲವು ಸಲ ನಾನೇ ಬರೆಯುವುದರಿಂದ ಅದನ್ನು ಬಿಡಿಸಿ ಹೇಳುವ ಹೊಣೆಯೂ ನನ್ನದೇ. ವಯಸ್ಕರ ಮಿದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ಮೂವತ್ತೈದು, ನಲವತ್ತು ದಾಟಿದ ಮೇಲೆ ಅದರ ಗಾತ್ರ ವರ್ಷಕ್ಕೆ ಸುಮಾರು ಶೇ 0.2ರಷ್ಟು ಇಳಿಯತೊಡಗುತ್ತದೆ; ಅರವತ್ತರ ಹೊತ್ತಿಗೆ ಆ ವೇಗ ವರ್ಷಕ್ಕೆ ಶೇ 0.5ರ ಆಸುಪಾಸಿಗೆ ಬರುತ್ತದೆ. ತಲೆಬುರುಡೆ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಖಾಲಿಯಾದ ಜಾಗವನ್ನು ನೀರು ತುಂಬಿಕೊಳ್ಳುತ್ತದೆ, ಮಿದುಳಿನ ಒಳಗಿನ ನೀರಿನ ಕೋಣೆಗಳು ಹಿಗ್ಗುತ್ತವೆ, ಮಡಿಕೆಗಳ ನಡುವಿನ ಸಂದುಗಳು ಅಗಲವಾಗಿ ಕಾಣುತ್ತವೆ. ಸಹಜ ಮುಪ್ಪಿನಲ್ಲಿ ನರಕೋಶಗಳು ರಾಶಿ ರಾಶಿಯಾಗಿ ಸಾಯುತ್ತವೆ ಎಂಬ ಹಳೆಯ ತಿಳಿವಳಿಕೆ ಈಗ ಉಳಿದಿಲ್ಲ. ಬಹುಮಟ್ಟಿಗೆ ಕೋಶಗಳು ಸಣ್ಣವಾಗುತ್ತವೆ ಮತ್ತು ಅವುಗಳ ಟಿಸಿಲುಗಳೂ ಬೆಸುಗೆಗಳೂ ಕಡಿಮೆಯಾಗುತ್ತವೆ.

ಇನ್ನೊಂದು ಮಾತನ್ನು ಮನೆಯವರು ಗಮನಿಸಬೇಕು. “ವಯಸ್ಸಿಗೆ ತಕ್ಕ” ಎಂಬ ಪದ ಚಿತ್ರಕ್ಕೆ ಸಂಬಂಧಿಸಿದ್ದೇ ಹೊರತು ಮನುಷ್ಯನಿಗಲ್ಲ. ಎಪ್ಪತ್ತೈದು ವರ್ಷದ ಬಹುಪಾಲು ಜನರ ಮಿದುಳು ಹೀಗೆ ಕಾಣುತ್ತದೆ ಎಂದಷ್ಟೇ ಅದರ ಅರ್ಥ. ನಿಮ್ಮ ಅವ್ವ ಒಲೆಯ ಮೇಲೆ ಪಾತ್ರೆ ಇಟ್ಟು ಮರೆಯುತ್ತಿರುವುದಕ್ಕೂ ವಯಸ್ಸೇ ಕಾರಣ ಎಂಬ ತೀರ್ಪನ್ನು ಆ ವಾಕ್ಯ ಕೊಡುವುದಿಲ್ಲ.

ಹಾಗಾದರೆ ಸಹಜ ಮರೆವು ಯಾವುದು, ಕಾಯಿಲೆಯ ಮರೆವು ಯಾವುದು ಎಂದು ಸ್ಕ್ಯಾನ್ ನೋಡಿ ಹೇಳಲಾಗುವುದಿಲ್ಲವೇ?

ಚಿತ್ರವೊಂದರಿಂದಲೇ ಹೇಳಲಾಗದು. “ಮುತ್ಯಾಗ ಅರಳು ಮರಳು ಆಗ್ಯಾದ್ರಿ, ಸ್ಕ್ಯಾನಿನ್ಯಾಗ ಏನ್ ಬಂದದ ಹೇಳ್ರಿ” ಎಂದು ಕೇಳಿದವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ಮುತ್ಯಾ ಹೆಸರು ಮರೆತು ಸ್ವಲ್ಪ ಹೊತ್ತಿನ ಮೇಲೆ ನೆನಪು ಮಾಡಿಕೊಳ್ಳುತ್ತಾರೋ, ಅಥವಾ ಊಟ ಮಾಡಿದ್ದನ್ನೇ ಮರೆತು ಇನ್ನೊಮ್ಮೆ ರೊಟ್ಟಿ ಕೇಳುತ್ತಾರೋ? ಹೊಲದಿಂದ ಮನೆಗೆ ನಲವತ್ತು ವರ್ಷ ನಡೆದ ದಾರಿ ಈಗಲೂ ಗೊತ್ತಾಗುತ್ತದೆಯೋ? ರೊಕ್ಕದ ಲೆಕ್ಕ ಮೊದಲಿನಂತಿದೆಯೋ? ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗುವಂತೆ ಮರೆವು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಅದು ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಆಗಿರಬಹುದು. ಆ ಕಾಯಿಲೆಯ ಬೇರು ಎಲ್ಲಿದೆ ಎಂದು ಹುಡುಕುವುದು ಸ್ಕ್ಯಾನಿನ ಕೆಲಸ.

“ಅರವತ್ತಕ್ಕೆ ಅರಳು ಮರಳು” ಎಂಬ ಗಾದೆ ನಮ್ಮಲ್ಲಿ ಬಹಳಷ್ಟು ಕೇಡು ಮಾಡಿದೆ ಎಂಬುದು ನನ್ನ ಅಭಿಪ್ರಾಯ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. ತಿರುಗಿಸಿ ಓದಿದರೆ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಆ ಕಾಯಿಲೆ ಇಲ್ಲ. ಬುದ್ಧಿ ಕೆಡುವುದು ಮುಪ್ಪಿನ ಸಹಜ ಗುಣ ಎನ್ನುವುದಕ್ಕೆ ಆಧಾರವಿಲ್ಲ.

ಸಿಟಿ, ಎಂಆರ್‌ಐ, ಪೆಟ್ ಈ ಮೂರರಲ್ಲಿ ವ್ಯತ್ಯಾಸವೇನು?

ಸಿಟಿ ಎಂದರೆ ಕ್ಷ-ಕಿರಣಗಳನ್ನು ತಲೆಯ ಸುತ್ತ ತಿರುಗಿಸಿ ಕಂಪ್ಯೂಟರಿನಿಂದ ಅಡ್ಡಕೊಯ್ತದ ಚಿತ್ರ ಪಡೆಯುವ ವಿಧಾನ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಗೆ ಇದನ್ನು ಮಾಡಿದರು. ಇದನ್ನು ರೂಪಿಸಿದ ಹೌನ್ಸ್‌ಫೀಲ್ಡ್ ಮತ್ತು ಕಾರ್ಮಾಕ್ ಅವರಿಗೆ 1979ರಲ್ಲಿ ನೊಬೆಲ್ ಬಂತು. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ರಕ್ತಸ್ರಾವ ಮತ್ತು ಮೂಳೆಯ ಬಿರುಕು ತಕ್ಷಣ ಗೊತ್ತಾಗುತ್ತವೆ. ತಲೆಯ ಒಂದು ಸಿಟಿಯಲ್ಲಿ ಸುಮಾರು 2 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ, ಇದು ನೆಲ, ಗಾಳಿ, ಆಕಾಶಗಳಿಂದ ಪ್ರತಿಯೊಬ್ಬರಿಗೂ ಒಂದು ವರ್ಷದಲ್ಲಿ ಹೇಗೂ ತಗಲುವ ಪ್ರಮಾಣಕ್ಕೆ ಸಮೀಪದ್ದು.

ಎಂಆರ್‌ಐಯಲ್ಲಿ ವಿಕಿರಣದ ಮಾತೇ ಇಲ್ಲ. ಬಲವಾದ ಅಯಸ್ಕಾಂತ ಮತ್ತು ರೇಡಿಯೊ ಅಲೆಗಳಿಂದ ದೇಹದ ನೀರಿನಲ್ಲಿರುವ ಹೈಡ್ರೋಜನ್ ಕಣಗಳು ಕೊಡುವ ಸಂಕೇತವನ್ನು ಹಿಡಿದು ಚಿತ್ರ ಕಟ್ಟುತ್ತಾರೆ. ಮಿದುಳಿನ ಬೂದು ಭಾಗ, ಬಿಳಿ ಭಾಗ, ಸಣ್ಣ ಸಣ್ಣ ಗಾಯಗಳು ಇದರಲ್ಲಿ ಸಿಟಿಗಿಂತ ಎಷ್ಟೋ ಸ್ಪಷ್ಟವಾಗಿ ಕಾಣುವುದರಿಂದ, ಮುಪ್ಪಿನ ಅಧ್ಯಯನಕ್ಕೆ ಮುಖ್ಯ ಸಾಧನ ಇದೇ.

ಪೆಟ್ ಬೇರೆಯೇ ಜಾತಿ. ಸಿಟಿ, ಎಂಆರ್‌ಐಗಳು ಸಾಮಾನ್ಯವಾಗಿ ರಚನೆಯನ್ನು ತೋರಿಸಿದರೆ ಪೆಟ್ ಕೆಲಸವನ್ನು ತೋರಿಸುತ್ತದೆ. ವಿಕಿರಣಶೀಲ ಫ್ಲೋರಿನ್ ಬೆರೆಸಿದ ಸಕ್ಕರೆಯನ್ನು ರಕ್ತಕ್ಕೆ ಚುಚ್ಚಿ, ಮಿದುಳಿನ ಯಾವ ಭಾಗ ಎಷ್ಟು ಸಕ್ಕರೆ ಉಂಡಿತು ಎಂದು ಅಳೆಯುತ್ತಾರೆ. ಆ ಫ್ಲೋರಿನ್ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹೈದರಾಬಾದಿನಲ್ಲಿ ತುಂಬಿದ ಸೀಸೆ ರಸ್ತೆಯ ಮೇಲೆ ನಾಲ್ಕು ಗಂಟೆ ಸಾಗಿ ನಮ್ಮ ಕಡೆ ಬರುವಷ್ಟರಲ್ಲಿ ನಾಲ್ಕನೇ ಒಂದು ಪಾಲಿಗಿಂತ ಕಡಿಮೆ ಉಳಿದಿರುತ್ತದೆ. ನಮ್ಮ ರೋಗಿಗಳು ಪೆಟ್ ಸ್ಕ್ಯಾನಿಗೆ ಸಾಮಾನ್ಯವಾಗಿ ದೊಡ್ಡ ನಗರಗಳ ದಾರಿ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ವರದಿಯಲ್ಲಿ “ಬಿಳಿ ಮಚ್ಚೆಗಳು” ಎಂದಿದೆ. ಅವು ಗಡ್ಡೆಗಳೇ?

ಗಡ್ಡೆಗಳಲ್ಲ. ಮಿದುಳಿನ ಒಳಭಾಗದ ಸಣ್ಣ ರಕ್ತನಾಳಗಳು ವರ್ಷಾನುಗಟ್ಟಲೆ ಹೆಚ್ಚಿನ ಒತ್ತಡ ತಡೆದು ಗಟ್ಟಿಯಾದಾಗ, ಅವು ನೀರುಣಿಸುವ ಬಿಳಿ ಭಾಗಕ್ಕೆ ರಕ್ತ ಸಾಲದೆ ಅಲ್ಲಲ್ಲಿ ಮಚ್ಚೆ ಬೀಳುತ್ತದೆ. ಬಿಪಿ, ಶುಗರ್, ಬೀಡಿ, ತಂಬಾಕು ಇದ್ದವರಲ್ಲಿ ಹೆಚ್ಚು. ಅರವತ್ತು ದಾಟಿದ ಬಹುತೇಕರಲ್ಲಿ ಒಂದೆರಡಾದರೂ ಇರುತ್ತವೆ. ಇವನ್ನು ಸೊನ್ನೆಯಿಂದ ಮೂರರವರೆಗಿನ ಫಜೆಕಾಸ್ ಶ್ರೇಣಿಯಲ್ಲಿ ಎಣಿಸುತ್ತೇವೆ. ಒಂದು ಎಂದಿದ್ದರೆ ಚುಕ್ಕೆಗಳು ಬಿಡಿಬಿಡಿಯಾಗಿವೆ, ಚಿಂತೆ ಬೇಡ. ಮೂರು ಎಂದಿದ್ದರೆ ಅವು ಒಂದಕ್ಕೊಂದು ಕೂಡಿಕೊಂಡು ಹಾಳೆಯಂತಾಗಿವೆ. ಅಂಥವರಲ್ಲಿ ನಡಿಗೆ ನಿಧಾನವಾಗುವುದು, ಯೋಚನೆ ಮಂದವಾಗುವುದು, ಮುಂದೆ ಲಕ್ವಾ ಹೊಡೆಯುವುದು ಹೆಚ್ಚು. ಬಿದ್ದ ಮಚ್ಚೆಯನ್ನು ಅಳಿಸುವ ಔಷಧ ಇಲ್ಲ. ಹೊಸದು ಬೀಳುವುದನ್ನು ತಡೆಯಲು ಬಿಪಿ ಗುಳಿಗೆಯನ್ನು ತಪ್ಪದೆ ನುಂಗಬೇಕು. “ಈಗ ಬಿಪಿ ನಾರ್ಮಲ್ ಆಗ್ಯಾದ” ಎಂದು ಗುಳಿಗೆ ಬಿಟ್ಟವರ ಮಿದುಳಿನ ಚಿತ್ರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆಲ್ಜೈಮರ್ಸ್ ಕಾಯಿಲೆ ಎಂಆರ್‌ಐಯಲ್ಲಿ ಹೇಗೆ ಕಾಣುತ್ತದೆ?

ಡಿಮೆನ್ಷಿಯಾದ ಹಲವು ಬಗೆಗಳಲ್ಲಿ ಆಲ್ಜೈಮರ್ಸ್ ಒಂದು. ಕಿವಿಯ ನೇರಕ್ಕೆ ಒಳಗೆ, ಎರಡೂ ಬದಿಯಲ್ಲಿ, ಹಿಪೊಕ್ಯಾಂಪಸ್ ಎಂಬ ಸಣ್ಣ ಭಾಗವಿದೆ. ಹೊಸ ನೆನಪು ಮೂಡುವುದಕ್ಕೆ ಅದು ಬೇಕು. ವಯಸ್ಸಾದ ಆರೋಗ್ಯವಂತರಲ್ಲಿ ಅದು ವರ್ಷಕ್ಕೆ ಶೇ 1–2ರಷ್ಟು ಸವೆದರೆ ಆಲ್ಜೈಮರ್ಸ್ ಇರುವವರಲ್ಲಿ ಶೇ 3–5ರಷ್ಟು ಸವೆಯುತ್ತದೆ. ಸವೆತವನ್ನು ಕಣ್ಣಳತೆಯಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟು ಗುರುತಿಸುವ ಪದ್ಧತಿಯೊಂದು 1992ರಿಂದ ಬಳಕೆಯಲ್ಲಿದೆ. ಇದರಲ್ಲೊಂದು ಸ್ವಾರಸ್ಯವಿದೆ. ಎಪ್ಪತ್ತೈದರ ಒಳಗಿನವರಿಗೆ ಎರಡು ಅಂಕ ಬಂದರೆ ಅಸಹಜ ಎನ್ನುತ್ತೇವೆ, ಎಪ್ಪತ್ತೈದು ದಾಟಿದವರಿಗೆ ಅದೇ ಎರಡು ಅಂಕ ಸಹಜ. ಚಿತ್ರ ಒಂದೇ ಇದ್ದರೂ ಚೀಟಿಯ ಮೇಲೆ ಬರೆದ ವಯಸ್ಸಿನಿಂದ ತೀರ್ಮಾನ ಬದಲಾಗುತ್ತದೆ. ನಮ್ಮ ಹಳ್ಳಿಗಳ ಹಿರಿಯರ ವಯಸ್ಸು ಆಧಾರ್ ಕಾರ್ಡಿನಲ್ಲಿ ಅಂದಾಜಿನ ಮೇಲೆ, ಬಹಳ ಸಲ ಜನವರಿ 1 ಎಂದು, ನಮೂದಾಗಿರುವುದನ್ನು ನೆನೆದರೆ ಈ ಗೆರೆ ಎಷ್ಟು ಸೂಕ್ಷ್ಮವಾದುದು ಎಂದು ತಿಳಿದೀತು. “ಬರ ಬಿದ್ದಾಗ ನಿಮಗ ಎಷ್ಟು ಮಕ್ಕಳಿದ್ರು” ಎಂದು 1972ರ ಬರವನ್ನು ನೆನಪಿಸಿ ನಾನು ಅವರ ವಯಸ್ಸಿನ ಲೆಕ್ಕ ಹಾಕುವುದುಂಟು.

ಎಲ್ಲ ಮರೆವೂ ಆಲ್ಜೈಮರ್ಸ್ ಅಲ್ಲ. ಮಿದುಳಿನಲ್ಲಿ ಹಣೆಯ ಹಿಂದಿನ ಭಾಗವೂ ಕಿವಿಯ ಮಗ್ಗುಲಿನ ಭಾಗದ ಮುಂತುದಿಯೂ ಹೆಚ್ಚು ಸವೆದಿದ್ದರೆ ಫ್ರಾಂಟೊಟೆಂಪೊರಲ್ ಬಗೆಯನ್ನು ಸಂಶಯಿಸುತ್ತೇವೆ. ಅಲ್ಲಿ ಮರೆವಿಗಿಂತ ಮೊದಲು ನಡತೆ ಕೆಡುತ್ತದೆ, ಜೀವಮಾನವೆಲ್ಲ ಮರ್ಯಾದಸ್ಥರಾಗಿದ್ದವರು ನಾಲ್ಕು ಜನರ ಮುಂದೆ ಆಡಬಾರದ ಮಾತು ಆಡುತ್ತಾರೆ. ಇಲ್ಲದ ಮನುಷ್ಯರು, ಮಕ್ಕಳು ಕಣ್ಣಿಗೆ ಕಾಣುವ ಲ್ಯೂಯಿ ಬಾಡಿ ಬಗೆಯಲ್ಲಿ ಹಿಪೊಕ್ಯಾಂಪಸ್ ಹೆಚ್ಚುಕಡಿಮೆ ಉಳಿದಿರುತ್ತದೆ.

ಆ ಕಾಯಿಲೆಯ ಕಸವನ್ನೇ ನೇರವಾಗಿ ನೋಡಲು ಬರುವುದಿಲ್ಲವೇ?

ಈಗ ಬರುತ್ತದೆ. ಅಲೋಯಿಸ್ ಆಲ್ಜೈಮರ್ 1906ರಲ್ಲಿ ವಿವರಿಸಿದ, ಅಮಿಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳನ್ನು ಕಾಣಲು ಸುಮಾರು ಒಂದು ಶತಮಾನ ಕಾಲ ರೋಗಿಯ ಮರಣಾನಂತರದ ಪರೀಕ್ಷೆಯೇ ಮುಖ್ಯ ದಾರಿಯಾಗಿತ್ತು. ಅಮಿಲಾಯ್ಡ್‌ಗೆ ಅಂಟಿಕೊಳ್ಳುವ ವಸ್ತುವನ್ನು ಪಿಟ್ಸ್‌ಬರ್ಗಿನ ವಿಜ್ಞಾನಿಗಳು ರೂಪಿಸಿ, ಅದರಿಂದ ಬದುಕಿರುವವರ ಮಿದುಳಿನ ಪೆಟ್ ಚಿತ್ರ ತೆಗೆದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಅಂದಿನಿಂದ ತಿಳಿದ ದೊಡ್ಡ ಸಂಗತಿಯೆಂದರೆ, ಮರೆವು ಮನೆಯವರ ಕಣ್ಣಿಗೆ ಬೀಳುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಅಮಿಲಾಯ್ಡ್ ಕೂಡತೊಡಗಿರುತ್ತದೆ. ಇನ್ನೊಂದು ಸಂಗತಿ ಅಷ್ಟೇ ಮುಖ್ಯ: ನೆನಪು ಚೆನ್ನಾಗಿಯೇ ಇರುವ ಹಿರಿಯರಲ್ಲೂ ಶೇ 20–30ರಷ್ಟು ಜನರ ಮಿದುಳಿನಲ್ಲಿ ಅಮಿಲಾಯ್ಡ್ ಸಿಗುತ್ತದೆ, ಅವರಲ್ಲಿ ಎಷ್ಟೋ ಮಂದಿ ಕೊನೆಯವರೆಗೂ ಮರೆವಿಲ್ಲದೆ ಬಾಳುತ್ತಾರೆ. ಹಾಗಾಗಿ ತೊಂದರೆಯೇ ಇಲ್ಲದವರಿಗೆ ಈ ಪರೀಕ್ಷೆ ಮಾಡಿಸಿ ನಿದ್ದೆ ಕೆಡಿಸುವುದು ತರವಲ್ಲ.

ಅಮಿಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್ ಔಷಧಕ್ಕೆ 2023ರಲ್ಲೂ ಡೊನಾನೆಮ್ಯಾಬ್‌ಗೆ 2024ರಲ್ಲೂ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಇವು ಆರಂಭದ ಹಂತದಲ್ಲಿ ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತವೆ, ಹೋದ ನೆನಪನ್ನು ಮರಳಿ ತರುವುದಿಲ್ಲ. ಮಿದುಳಿನಲ್ಲಿ ಬಾವು, ಸಣ್ಣ ರಕ್ತಸ್ರಾವ ಆಗುವ ಅಪಾಯವಿರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಮಾಡಿಸುತ್ತಲೇ ಔಷಧ ಕೊಡಬೇಕು.

ಆರೋಗ್ಯವಾಗಿರುವವರ ಮಿದುಳನ್ನು ಸಂಶೋಧಕರು ಏಕೆ ಸ್ಕ್ಯಾನ್ ಮಾಡುತ್ತಾರೆ?

ಸಹಜ ಯಾವುದೆಂದು ತಿಳಿಯದೆ ಅಸಹಜವನ್ನು ಗುರುತಿಸಲು ಬರುವುದಿಲ್ಲ. ನಲವತ್ತರವರನ್ನೂ ಎಂಬತ್ತರವರನ್ನೂ ಒಂದೇ ವರ್ಷದಲ್ಲಿ ಸ್ಕ್ಯಾನ್ ಮಾಡಿ ಹೋಲಿಸಿದರೆ ಮುಪ್ಪಿನ ಪರಿಣಾಮ ಗೊತ್ತಾದೀತು ಎಂದು ತೋರಬಹುದು. ಆದರೆ ಇಂದು ಎಂಬತ್ತರ ಹತ್ತಿರ ಇರುವ ನಮ್ಮ ಕಲಬುರಗಿಯ ಹಿರಿಯರು ನಿಜಾಮರ ಆಳ್ವಿಕೆಯ ಕೊನೆಗಾಲದಲ್ಲಿ ಹುಟ್ಟಿದವರು. ಹಲವರು ಶಾಲೆಯ ಮೆಟ್ಟಿಲು ಹತ್ತಲಿಲ್ಲ, ಹೊಟ್ಟೆ ತುಂಬ ಉಣ್ಣದೆ ಬೆಳೆದರು. ನಲವತ್ತರವರು ಬೆಳೆದದ್ದು ಬೇರೆ ಕಾಲದಲ್ಲಿ. ಇಬ್ಬರ ಮಿದುಳಿನ ಅಂತರದಲ್ಲಿ ಮುಪ್ಪಿನ ಪಾಲೆಷ್ಟು, ಬಾಲ್ಯದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಒಬ್ಬರನ್ನೇ ಹತ್ತು ಹದಿನೈದು ವರ್ಷ ಹಿಂಬಾಲಿಸಿ, ಆಗಾಗ ಸ್ಕ್ಯಾನ್ ಮಾಡಿ, ಅವರನ್ನು ಅವರೊಂದಿಗೇ ಹೋಲಿಸುವುದು ಸರಿಯಾದ ದಾರಿ. ಅದು ದುಬಾರಿ, ಅದಕ್ಕೆ ತಾಳ್ಮೆಯೂ ಬೇಕು. ಅಷ್ಟೆಲ್ಲ ಮಾಡಿದ ಮೇಲೂ ಮತ್ತೆ ಮತ್ತೆ ಬರುವವರು ಹೆಚ್ಚಾಗಿ ಗಟ್ಟಿಮುಟ್ಟಾದವರೇ ಆಗಿರುತ್ತಾರೆ. ಹಾಸಿಗೆ ಹಿಡಿದವರು ಬರುವುದಿಲ್ಲ. ಸಂಶೋಧಕರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಇಂಥ ಅಧ್ಯಯನ ನಮ್ಮ ರಾಜ್ಯದಲ್ಲೇ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆ, ಎಂಆರ್‌ಐ ಎಲ್ಲ ಅದರಲ್ಲಿವೆ. ತೊಗರಿ ಬೆಳೆಯುವ ನಮ್ಮ ಸೀಮೆಯಲ್ಲೂ ಇಂಥದ್ದೊಂದು ಆಗಬೇಕೆಂಬುದು ನನ್ನ ಬಹುದಿನದ ಆಸೆ, ಏಕೆಂದರೆ ಇಲ್ಲಿನ ಬಿಸಿಲು, ಆಹಾರ, ದುಡಿಮೆ ಯಾವುದೂ ಕೋಲಾರದಂತಲ್ಲ.

ಪಾಶ್ಚಾತ್ಯರ ಮಿದುಳಿನ ಅಳತೆ ನಮಗೆ ಹೊಂದುತ್ತದೆಯೇ?

ಪೂರ್ತಿ ಹೊಂದುವುದಿಲ್ಲ. ಸಂಶೋಧನೆಯಲ್ಲಿ ಬಹುಕಾಲದಿಂದ ಬಳಸುವ ಮಾದರಿ ನಕ್ಷೆಗಳು ಯುರೋಪ್ ಮೂಲದವರ ಸ್ಕ್ಯಾನ್‌ಗಳಿಂದ ಕಟ್ಟಿದವು. ಹೈದರಾಬಾದಿನ ಐಐಐಟಿ ತಂಡ 2019ರಲ್ಲಿ ನೂರು ಭಾರತೀಯರ ಎಂಆರ್‌ಐಗಳಿಂದ ಒಂದು ನಕ್ಷೆ ಕಟ್ಟಿತು. ಸರಾಸರಿ ಭಾರತೀಯ ಮಿದುಳು ಉದ್ದ, ಅಗಲ, ಎತ್ತರಗಳಲ್ಲಿ ಪಾಶ್ಚಾತ್ಯರದಕ್ಕಿಂತ ತುಸು ಚಿಕ್ಕದು ಎಂದು ಅದರಿಂದ ತಿಳಿಯಿತು. ಬುದ್ಧಿಗೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ. ಮೈಕಟ್ಟು ಚಿಕ್ಕದಾದರೆ ತಲೆಯೂ ಅದಕ್ಕೆ ತಕ್ಕಂತೆ ಇರುತ್ತದೆ. ತೊಂದರೆ ಇರುವುದು ಹೊರಗಿನ ಅಳತೆಗೋಲು ಹಿಡಿದ ಯಂತ್ರ ನಮ್ಮವರ ಮಿದುಳನ್ನು “ಕುಗ್ಗಿದೆ” ಎಂದು ತಪ್ಪಾಗಿ ಎಣಿಸುವುದರಲ್ಲಿ.

ಸ್ಕ್ಯಾನ್ ನೋಡಿ “ಮಿದುಳಿನ ವಯಸ್ಸು” ಹೇಳುವ ಎಐ ತಂತ್ರಾಂಶಗಳಿಗೂ ಇದೇ ಮಾತು ಸಲ್ಲುತ್ತದೆ. ಅವುಗಳ ಅಂದಾಜು ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಆಚೀಚೆ ಆಗುತ್ತದೆ. ಸಾವಿರಾರು ಜನರ ಗುಂಪನ್ನು ಅಭ್ಯಸಿಸಲು ಅದು ಒಳ್ಳೆಯ ಸಾಧನ, ಒಬ್ಬ ವ್ಯಕ್ತಿಗೆ ಜಾತಕದಂತೆ ಓದಿ ಹೇಳಲು ಯೋಗ್ಯವಲ್ಲ.

ಅಕ್ಷರ ಬಾರದವರ ನೆನಪನ್ನು ಹೇಗೆ ಪರೀಕ್ಷಿಸುತ್ತಾರೆ?

ಸ್ಕ್ಯಾನಿನ ಜೊತೆಗೆ ನೆನಪಿನ ಪರೀಕ್ಷೆ ಇರಲೇಬೇಕು, ಆದರೆ ಪ್ರಶ್ನೆಗಳು ಮನುಷ್ಯನಿಗೆ ಹೊಂದಬೇಕು. “ಇವತ್ತಿನ ತಾರೀಖು ಏನು” ಎಂದು ಕೇಳಿದರೆ ತಡವರಿಸುವ ಅಜ್ಜಿ, ಅಮಾವಾಸ್ಯೆಗೆ ಇನ್ನೆಷ್ಟು ದಿನ ಎಂದು ಕೇಳಿದರೆ ಬೆರಳು ಎಣಿಸದೆ ಹೇಳುತ್ತಾಳೆ. ನೂರರಿಂದ ಏಳು ಕಳೆಯುತ್ತ ಹೋಗಲು ಬಾರದವರು ಸಂತೆಯಲ್ಲಿ ಚಿಲ್ಲರೆ ಸರಿಯಾಗಿ ಎಣಿಸಿಕೊಳ್ಳುತ್ತಾರೆ.

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿಗಳಲ್ಲಿ ಎರಡನ್ನಾದರೂ ಸಲೀಸಾಗಿ ಆಡುವವರು ಬಹಳ ಮಂದಿ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆಯ ಲಕ್ಷಣ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಹೀಗೇ ಇತ್ತು. ಒಂದೇ ಬಗೆಯ ಕುಗ್ಗುವಿಕೆ ತೋರುವ ಎರಡು ಮಿದುಳುಗಳಲ್ಲಿ ಒಂದು ಸಂಸಾರ ನಡೆಸುತ್ತಿರುವುದೂ ಇನ್ನೊಂದು ದಾರಿ ತಪ್ಪುವುದೂ ಏಕೆ ಎಂಬ ಒಗಟಿಗೆ ಈ ಬಗೆಯ ಮೀಸಲು ಶಕ್ತಿ ಒಂದು ಉತ್ತರ ಎನ್ನುತ್ತಾರೆ.

ಸ್ಕ್ಯಾನಿನಿಂದ ಚಿಕಿತ್ಸೆಗೆ ನಿಜವಾಗಿ ಉಪಯೋಗವಾಗುತ್ತದೆಯೇ, ಅಥವಾ ಬರೀ ಹೆಸರು ಹೇಳುವುದಕ್ಕೋ?

ಇದಕ್ಕೆ ನನ್ನ ಮನೆಯದೇ ಉದಾಹರಣೆ ಇದೆ. ನನ್ನ ಸೋದರಮಾವ ಎಪ್ಪತ್ನಾಲ್ಕರ ವಯಸ್ಸಿನಲ್ಲಿ ಒಂದೆರಡು ತಿಂಗಳಲ್ಲೇ ಮಂಕಾದರು. ಮಾತು ಕಡಿಮೆಯಾಯಿತು, ನಡೆದರೆ ಒಂದು ಬದಿಗೆ ವಾಲುತ್ತಿದ್ದರು, ಮಗನನ್ನು ತಮ್ಮನ ಹೆಸರಿನಿಂದ ಕರೆಯುತ್ತಿದ್ದರು. ಮನೆಯವರೆಲ್ಲ ವಯಸ್ಸಿನ ಮೇಲೆ ಹಾಕಿದರು. ನಾಚಿಕೆಯಿಂದ ಹೇಳುತ್ತೇನೆ, ಫೋನಿನಲ್ಲಿ ಕೇಳಿದ ನಾನೂ ಹಾಗೇ ಅಂದುಕೊಂಡೆ. ದೀಪಾವಳಿಗೆ ಊರಿಗೆ ಹೋದಾಗ ಅತ್ತೆ ಮಾತಿನ ನಡುವೆ, ಅವರು ಬಚ್ಚಲಲ್ಲಿ ಜಾರಿ ಬಿದ್ದು ಹಂಡೆಗೆ ತಲೆ ತಾಗಿದ್ದನ್ನು ಹೇಳಿದರು. ಅದಾಗಿ ಆರೇಳು ವಾರ ಆಗಿತ್ತು, ರಕ್ತ ತೆಳುವಾಗಿಸುವ ಗುಳಿಗೆಯೂ ನಡೆಯುತ್ತಿತ್ತು. ಮರುದಿನ ಸಿಟಿ ಮಾಡಿಸಿದರೆ ತಲೆಬುರುಡೆಗೂ ಮಿದುಳಿಗೂ ನಡುವೆ ಬಿದಿಗೆ ಚಂದ್ರನ ಆಕಾರದಲ್ಲಿ ಹಳೆಯ ರಕ್ತ ಕೂಡಿಕೊಂಡು, ಮಿದುಳಿನ ನಡುಗೆರೆಯನ್ನು ಇನ್ನೊಂದು ಬದಿಗೆ ಒತ್ತಿತ್ತು. ಬುರುಡೆಗೆ ಎರಡು ಸಣ್ಣ ರಂಧ್ರ ಕೊರೆದು ರಕ್ತವನ್ನು ಬಸಿದರು. ಹದಿನೈದು ದಿನದಲ್ಲಿ ಮಾವ ತೊಗರಿಯ ಧಾರಣೆ ಕೇಳುತ್ತಿದ್ದರು.

ನೀರಿನ ಕೋಣೆಗಳು ಅತಿಯಾಗಿ ಹಿಗ್ಗಿ ನಡಿಗೆ ಕೆಡುವುದು, ಮೂತ್ರ ತಡೆಯಲಾಗದಿರುವುದು, ಮರೆವು ಮೂರೂ ಸೇರಿ ಬಂದರೆ ಅದಕ್ಕೂ ಶಸ್ತ್ರಚಿಕಿತ್ಸೆ ಇದೆ. ಬಿ12 ಕೊರತೆ, ಥೈರಾಯ್ಡ್ ಕೊರತೆ, ಖಿನ್ನತೆಗಳು ಸ್ಕ್ಯಾನಿನಲ್ಲಿ ಕಾಣುವಂಥವಲ್ಲ, ಆದರೆ ಗುಣವಾಗುವಂಥವು. ಆದ್ದರಿಂದ ದುಬಾರಿ ಎಂಆರ್‌ಐಗೆ ಮೊದಲು ಅಗ್ಗದ ರಕ್ತ ಪರೀಕ್ಷೆಗಳು ಆಗಿರಲಿ.

ಲಕ್ವಾ ಹೊಡೆದರೆ ಮೊದಲು ಯಾವ ಸ್ಕ್ಯಾನ್?

ಬೇಗ ಸಿಗುವ ಸಿಟಿ. ರಕ್ತನಾಳ ಕಟ್ಟಿದೆಯೋ ಒಡೆದಿದೆಯೋ ಎಂದು ತಿಳಿಯದೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವಂತಿಲ್ಲ, ಆ ಮದ್ದಿಗೆ ನಾಲ್ಕೂವರೆ ಗಂಟೆಯ ಗಡುವಿದೆ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಮೊದಲು ಎಣ್ಣೆ ತಿಕ್ಕಿಸಿಕೊಂಡು, ನಾಟಿ ಔಷಧಿ ಕುಡಿದು, ಮೂರನೆಯ ದಿನ ಆಸ್ಪತ್ರೆಗೆ ಬರುವುದು ಇನ್ನೂ ನಿಂತಿಲ್ಲ.

ಎಂಆರ್‌ಐಗೆ ಹೋಗುವಾಗ ಏನು ಎಚ್ಚರ ವಹಿಸಬೇಕು?

ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಯಂತ್ರದ ಅಯಸ್ಕಾಂತ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು ಬಲವಾದದ್ದು, ಯಂತ್ರ ಖಾಲಿ ಇದ್ದಾಗಲೂ ಅದು ಆರಿರುವುದಿಲ್ಲ. ಪೇಸ್‌ಮೇಕರ್, ಮಿದುಳಿನಲ್ಲಿ ಹಾಕಿದ ಕ್ಲಿಪ್, ಕಣ್ಣಿನಲ್ಲಿ ಸಿಡಿದ ಕಬ್ಬಿಣದ ಚೂರು ಇದ್ದರೆ ಮೊದಲೇ ಹೇಳಬೇಕು. ವೆಲ್ಡಿಂಗ್ ಮತ್ತು ಲೇತ್ ಕೆಲಸ ಮಾಡಿದವರು ಇದನ್ನು ಮರೆಯಬಾರದು. ಬಂಗಾರ, ಬೆಳ್ಳಿಯನ್ನು ಅಯಸ್ಕಾಂತ ಸೆಳೆಯುವುದಿಲ್ಲ, ಆದರೆ ಲೋಹ ಕಾಯ್ದು ಚರ್ಮ ಸುಡಬಹುದು, ಚಿತ್ರವೂ ಕೆಡುತ್ತದೆ. ತಾಳಿ, ಕಾಲುಂಗುರ ತೆಗೆಯಲು ಹಿರಿಯ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಅಂಥವರಿಗೆಂದು ನಮ್ಮ ಸಿಸ್ಟರ್ ಒಂದು ಡಬ್ಬಿಯಲ್ಲಿ ಅರಿಶಿನ ಕೊಂಬು ಮತ್ತು ದಾರ ಇಟ್ಟುಕೊಂಡಿದ್ದಾರೆ. ಅದನ್ನು ಕೊರಳಿಗೆ ಕಟ್ಟಿಕೊಂಡ ಮೇಲೆ ತಾಳಿ ತೆಗೆದು ಕೊಡಲು ಯಾರೂ ಹಟ ಮಾಡುವುದಿಲ್ಲ. ತೋಳಿನ ತಾಯಿತವನ್ನೂ ಬಿಚ್ಚಿಡಬೇಕು, ಅದರೊಳಗೆ ತಗಡು ಇರುತ್ತದೆ.

ಒಳಗೆ ದೊಡ್ಡ ಸದ್ದು ಬರುತ್ತದೆ, ಇಪ್ಪತ್ತರಿಂದ ನಲವತ್ತು ನಿಮಿಷ ಅಲುಗಾಡದೆ ಮಲಗಬೇಕು. ಮರೆವಿರುವವರನ್ನು ಬೆಳಿಗ್ಗೆ ತಿಂಡಿಯಾದ ಮೇಲೆ, ಅವರು ನಂಬುವ ಒಬ್ಬರ ಜೊತೆ ಕರೆತನ್ನಿ. ಮಂಪರು ಮದ್ದು ಕೊಡುವುದಿದ್ದರೆ ಮಾತ್ರ ಖಾಲಿ ಹೊಟ್ಟೆಯಲ್ಲಿರಲು ಮೊದಲೇ ಹೇಳಿರುತ್ತೇವೆ. ಚಿತ್ರ ಇನ್ನಷ್ಟು ಸ್ಪಷ್ಟವಾಗಲೆಂದು ರಕ್ತಕ್ಕೆ ಚುಚ್ಚುವ ಕಾಂಟ್ರಾಸ್ಟ್ ಮದ್ದು ಬೇಕಿದ್ದರೆ ಮೂತ್ರಪಿಂಡದ ಕ್ರಿಯಾಟಿನಿನ್ ವರದಿಯನ್ನೂ ತನ್ನಿ. ಮರೆವಿನ ತಪಾಸಣೆಗೆ ಅದು ಬಹಳ ಸಲ ಬೇಕಾಗುವುದಿಲ್ಲ.

ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಮಿದುಳಿನ ಸ್ಕ್ಯಾನ್ ಮಾಡಿಸುವುದು ಒಳ್ಳೆಯದಲ್ಲವೇ?

ಬೇಡ. ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ, ಅದರ ಬೆನ್ನು ಹತ್ತಿ ರೊಕ್ಕವೂ ನೆಮ್ಮದಿಯೂ ಹೋಗುತ್ತವೆ. ಆ ದುಡ್ಡಿನಲ್ಲಿ ಬಿಪಿ, ಶುಗರ್, ಕಿವಿ, ಕಣ್ಣು ತೋರಿಸಿಕೊಳ್ಳಿ. ಕಿವುಡು, ದೃಷ್ಟಿದೋಷ, ಬಿಪಿ, ತಂಬಾಕು ಸೇರಿದಂತೆ 14 ಕಾರಣಗಳನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಹೇಳಿದೆ.

ಮರೆವಿನ ಲಕ್ಷಣ ಇದ್ದರೆ ಮೊದಲು ವೈದ್ಯರನ್ನು ಕಾಣಿ: ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು ಯಾವುದಾದರೂ ಆದೀತು. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಆರೋಗ್ಯ ಇಲಾಖೆ 2022ರಲ್ಲಿ ಶುರುಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಬಗ್ಗೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಯಾವ ಸ್ಕ್ಯಾನ್ ಬೇಕೆಂದು ಅವರು ಬರೆದುಕೊಡಲಿ.

ಹಳೆಯ ಸ್ಕ್ಯಾನ್ ಫಿಲಂಗಳನ್ನು ಎಸೆಯಬಹುದೇ?

ದಯವಿಟ್ಟು ಎಸೆಯಬೇಡಿ. ಐದು ವರ್ಷದ ಹಿಂದಿನ ಫಿಲಂ ಇದ್ದರೆ, ಸಂಶೋಧಕರು ಕೋಟಿಗಟ್ಟಲೆ ಖರ್ಚು ಮಾಡಿ ಪಡೆಯುವ ಹೋಲಿಕೆ ನಿಮ್ಮ ಮನೆಯಲ್ಲೇ ಇದೆ ಎಂದು ತಿಳಿಯಿರಿ. ಅಂದಿಗೂ ಇಂದಿಗೂ ಎಷ್ಟು ಕುಗ್ಗಿದೆ, ಮಚ್ಚೆ ಎಷ್ಟು ಹೆಚ್ಚಿದೆ ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಫಿಲಂಗಿಂತ ಎಷ್ಟೋ ಹೆಚ್ಚು ತಿಳಿಯುತ್ತದೆ. ಈಗಿನ ಫಿಲಂಗಳಲ್ಲಿ ಹಲವು ಶಾಖದಿಂದ ಮುದ್ರಣಗೊಂಡವು, ಬಿಸಿಲಿಗೆ ಕಪ್ಪಾಗುತ್ತವೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಗಾಡಿಯ ಹಿಂದೆ ಕಟ್ಟಿಕೊಂಡು ತಿರುಗಬೇಡಿ, ತಗಡಿನ ಮನೆಯ ಟ್ರಂಕಿನಲ್ಲಿಯೂ ಇಡಬೇಡಿ. ತಂಪಾದ ಗೋಡೆಯ ಕಪಾಟಿನಲ್ಲಿ, ಮಡಿಚದೆ, ನೆಟ್ಟಗೆ ನಿಲ್ಲಿಸಿ. ಸಿಡಿ ಕೊಡಿ ಎಂದು ಕೇಳಿ ಪಡೆಯಿರಿ, ಏಕೆಂದರೆ ಫಿಲಂ ಹಾಳೆಯ ಮೇಲೆ ನಾವು ಆರಿಸಿದ ಕೆಲವೇ ಚಿತ್ರಗಳಿರುತ್ತವೆ, ಸಿಡಿಯಲ್ಲಿ ಎಲ್ಲವೂ ಇರುತ್ತವೆ. ಮುಂದಿನ ಸಲ ಬರುವಾಗ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ.